ಅಲಂಕೃತ ಓಲಿಯೋಗ್ರಾಫ್

ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿ ವಾರ್ನಿಷ್ ಬಳಿದ ಚಿತ್ರದ ಮೇಲೆ, ಅದರಲ್ಲಿರುವ ವ್ಯಕ್ತಿಗಳ ಉಡುಗೆ ಮತ್ತು ಒಡವೆಗಳ ಜಾಗದಲ್ಲಿ ನಿಜವಾದ ಬಟ್ಟೆ, ಜರಿ, ಚಮಕಿ, ಮಣಿ ಮೊದಲಾದವನ್ನು ಅಂಟಿಸಿ ಅಥವಾ ಹೊಲಿದು ಸಿದ್ಧಪಡಿಸಿದ ಪಟಕ್ಕೆ ಅಲಂಕೃತ ಓಲಿಯೋಗ್ರಾಫ್ ಎಂದು ಹೆಸರು. 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮೊದಲರ್ಧದವರೆಗೆ ದಕ್ಷಿಣ ಮತ್ತು ಪಶ್ಚಿಮ ಭಾರತದ ಮನೆಗಳಲ್ಲಿ ಈ ಕೆಲಸ ರೂಢಿಯಲ್ಲಿತ್ತು. ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ತಿರುವಾಂಕೂರಿನ ಚಿತ್ರಕಾರ ರಾಜಾ ರವಿವರ್ಮನ (1848–1906) ವರ್ಣಚಿತ್ರಗಳ ಮುದ್ರಿತ ಪ್ರತಿಗಳು. ಮುದ್ರಿತ ಉಡುಗೆಚಿತ್ರಕ್ಕೆ ಬಟ್ಟೆ ಸೇರಿಸುವ ಇಂಥದೇ ಕೈಕೆಲಸ ಇದಕ್ಕೂ ಎರಡು ಶತಮಾನ ಮೊದಲು ಫ್ರಾನ್ಸಿನಲ್ಲಿ ಬೆಳೆದಿತ್ತು.

ಪಾರಿಭಾಷಿಕ ಪದಗಳು

ಕಲ್ಲಚ್ಚು: ಸುಣ್ಣಕಲ್ಲಿನ ನಯವಾದ ಮೈಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ಕಾಗದಕ್ಕೆ ಇಳಿಸುವ ಮುದ್ರಣ. ಲಿಥೋಗ್ರಫಿ, ಶಿಲಾಮುದ್ರಣ ಎಂಬ ಹೆಸರುಗಳೂ ಇವೆ.

ಓಲಿಯೋಗ್ರಾಫ್: ತೈಲಚಿತ್ರದಂತೆ ಕಾಣುವ ಹಾಗೆ ವಾರ್ನಿಷ್ ಬಳಿದು, ಹಲವೊಮ್ಮೆ ಕ್ಯಾನ್ವಾಸಿನ ನೇಯ್ಗೆಯ ಗುರುತನ್ನೂ ಒತ್ತಿದ ಬಣ್ಣದ ಕಲ್ಲಚ್ಚಿನ ಪ್ರತಿ.

ಉಡುಗೆಚಿತ್ರ: ವ್ಯಕ್ತಿಗಿಂತ ತೊಟ್ಟ ಉಡುಪನ್ನು ತೋರಿಸುವುದೇ ಮುಖ್ಯ ಉದ್ದೇಶವಾಗಿರುವ ಮುದ್ರಿತ ಚಿತ್ರ, ಫ್ಯಾಷನ್ ಪ್ಲೇಟ್.

ಉಡುಪು ತೊಡಿಸಿದ ಮುದ್ರಣ: ಉಡುಪಿನ ಭಾಗವನ್ನು ಕತ್ತರಿಸಿ ತೆಗೆದು, ಹಿಂದಿನಿಂದ ಬಟ್ಟೆ ಅಂಟಿಸಿದ ಫ್ರೆಂಚ್ ಮಾದರಿಯ ಮುದ್ರಣ.

ಫ್ರಾನ್ಸಿನ ಪೂರ್ವರೂಪ

17ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಹದಿನಾಲ್ಕನೆಯ ಲೂಯಿ ಆಳುತ್ತಿದ್ದಾಗ, ಆಸ್ಥಾನದ ಸ್ತ್ರೀಪುರುಷರನ್ನು ಅಡಿಯಿಂದ ಮುಡಿವರೆಗೆ ತೋರಿಸುವ ಉಡುಗೆಚಿತ್ರಗಳು ಪ್ಯಾರಿಸಿನಲ್ಲಿ ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದವು. ಬೊನಾರ್ ಸಹೋದರರು, ಆಂತ್ವಾನ್ ತ್ರುವೆಂ, ಜಾನ್ ಮಾರಿಯೆತ್ ಈ ಚಿತ್ರಗಳ ಪ್ರಮುಖ ಮುದ್ರಕರು. 1672ರಲ್ಲಿ ಆರಂಭವಾದ ಮರ್ಕ್ಯೂರ್ ಗಲಾಂ ಪತ್ರಿಕೆಯೂ ಆ ದಶಕದಲ್ಲೇ ಉಡುಗೆಯ ಸುದ್ದಿ ಮತ್ತು ಚಿತ್ರಗಳನ್ನು ಕೊಡತೊಡಗಿತು. ಕೊಂಡವರು ಹಾಳೆಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಕೆಲವರು ಲಂಗ, ನಿಲುವಂಗಿ, ತೋಳುಗಳ ಭಾಗವನ್ನು ಚಾಕುವಿನಿಂದ ಕೊರೆದು, ಆ ಕಿಂಡಿಯ ಹಿಂದೆ ರೇಷ್ಮೆ, ವೆಲ್ವೆಟ್, ಲೇಸು ಅಂಟಿಸುತ್ತಿದ್ದರು. ಮುಖ, ಕೈ ಮತ್ತು ನಿರಿಗೆಯ ಗೆರೆಗಳು ಕಾಗದದಲ್ಲೇ ಉಳಿಯುತ್ತಿದ್ದವು. ಇಂಥ ಹಾಳೆಗಳ ಒಂದು ಸಂಪುಟ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಆ ಕಾಲದ ಬಟ್ಟೆಯ ತುಣುಕುಗಳು ಚಿತ್ರದೊಳಗೇ ಉಳಿದುಕೊಂಡಿರುವುದರಿಂದ ಜವಳಿಯ ಇತಿಹಾಸಕಾರರಿಗೂ ಇವು ಆಧಾರ ಸಾಮಗ್ರಿ.

1778ರಲ್ಲಿ ಆರಂಭವಾದ ಗ್ಯಾಲರಿ ದೆ ಮೋದ್ ಮಾಲಿಕೆ, 1797ರಿಂದ 1839ರವರೆಗೆ ನಡೆದ ಜೂರ್ನಾಲ್ ದೆ ದಾಮ್ ಎ ದೆ ಮೋದ್, 1860ರಲ್ಲಿ ಹುಟ್ಟಿದ ಲಾ ಮೋದ್ ಇಲ್ಯುಸ್ತ್ರೇ, 1912ರಿಂದ 1925ರವರೆಗೆ ಪ್ರಕಟವಾದ ಗಜೆತ್ ದ್ಯು ಬೊಂ ತೊಂ ಉಡುಗೆಚಿತ್ರದ ಮುಂದಿನ ಘಟ್ಟಗಳು. ಕೊನೆಯದರಲ್ಲಿ ಜಾರ್ಜ್ ಬಾರ್ಬಿಯೆ, ಜಾರ್ಜ್ ಲಪಾಪ್ ಮೊದಲಾದವರ ಚಿತ್ರಗಳಿಗೆ ಪೋಷ್ವಾರ್ ವಿಧಾನದಲ್ಲಿ, ಅಂದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕೊರೆದ ತಗಡು ಇಟ್ಟು, ಕುಂಚದಿಂದ ಬಣ್ಣ ಹಾಕಲಾಗುತ್ತಿತ್ತು. ಇಂದು ಕಾಗದದ ಕರಕುಶಲ ಕೆಲಸದಲ್ಲಿ ಹಳೆಯ ಫ್ರೆಂಚ್ ಚಿತ್ರಗಳೆಂದು ಬಳಕೆಯಾಗುವವುಗಳಲ್ಲಿ ಹಲವು ಇಂಥ ಪತ್ರಿಕೆಗಳಿಂದ ಬಂದವು.

ಭಾರತದಲ್ಲಿ ಹುಟ್ಟು

ಅಲಂಕೃತ ಓಲಿಯೋಗ್ರಾಫ್‌ಗೆ ಎರಡು ಮೂಲಗಳಿವೆ. ಒಂದು ಅಗ್ಗದ ಬಣ್ಣದ ಮುದ್ರಣ, ಇನ್ನೊಂದು ದೇವರ ವಿಗ್ರಹಕ್ಕೆ ಉಡಿಸಿ ತೊಡಿಸುವ ಅಲಂಕಾರ ಸೇವೆ.

ಕಲ್ಲಚ್ಚನ್ನು ಬವೇರಿಯದ ಅಲೋಯಿಸ್ ಸೆನೆಫೆಲ್ಡರ್ 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ. ಹಲವು ಬಣ್ಣಗಳ ಕಲ್ಲಚ್ಚಿಗೆ ಫ್ರಾನ್ಸಿನ ಗೊದೆಫ್ರುವಾ ಎಂಗೆಲ್ಮನ್ 1837ರಲ್ಲಿ ಪೇಟೆಂಟ್ ಪಡೆದ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೂ 1843ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ ಮುದ್ರಣವಾಯಿತು. ದೇವತಾ ಚಿತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಚ್ಚುಹಾಕುವ ಉದ್ಯಮ ಬೆಳೆದದ್ದು 1878ರಲ್ಲಿ ಆರಂಭವಾದ ಕಲ್ಕತ್ತಾ ಆರ್ಟ್ ಸ್ಟುಡಿಯೋ ಮತ್ತು ಅದೇ ವರ್ಷದ ಪುಣೆಯ ಚಿತ್ರಶಾಲಾ ಪ್ರೆಸ್‌ನಿಂದ.

ರವಿವರ್ಮ ಹುಟ್ಟಿದ್ದು ತಿರುವನಂತಪುರದ ಉತ್ತರಕ್ಕಿರುವ ಕಿಳಿಮಾನೂರಿನ ಅರಮನೆಯಲ್ಲಿ. ತಿರುವಾಂಕೂರಿನ ಅರಸ ಆಯಿಲ್ಯಂ ತಿರುನಾಳ್ ಅವನಿಗೆ ಆಶ್ರಯದಾತ. ತೈಲವರ್ಣದ ಪಾಶ್ಚಾತ್ಯ ವಿಧಾನವನ್ನು ರವಿವರ್ಮ ರೂಢಿಸಿಕೊಂಡದ್ದು ಆ ಅರಸನ ಆಸ್ಥಾನದಲ್ಲಿಯೇ. ತಿರುವಾಂಕೂರಿನ ಮಾಜಿ ದಿವಾನ ಸರ್ ಟಿ. ಮಾಧವರಾವ್ 1884ರಲ್ಲಿ, ಚಿತ್ರಗಳಿಗೆ ಬೇಡಿಕೆ ಬಹಳವಿದೆ, ಕೆಲವನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್ ಮಾಡಿಸಬೇಕು ಎಂದು ಅವನಿಗೆ ಸಲಹೆ ಕೊಟ್ಟ. ಮುಂದೆ ರವಿವರ್ಮ ಮತ್ತು ಅವನ ತಮ್ಮ ಸಿ. ರಾಜರಾಜವರ್ಮ ಜರ್ಮನಿಯಿಂದ ಯಂತ್ರಗಳನ್ನೂ ತಂತ್ರಜ್ಞರನ್ನೂ ತರಿಸಿಕೊಂಡು, 1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತಮ್ಮದೇ ಮುದ್ರಣಾಲಯ ಆರಂಭಿಸಿದರು. ಮೊದಲು ಹೊರಬಂದ ಚಿತ್ರ ಶಕುಂತಲೆಯ ಜನನ. ಮುಂಬಯಿಯಲ್ಲಿ ಪ್ಲೇಗ್ ಹರಡಿದ ಮೇಲೆ, 1899ರಲ್ಲಿ ಮುದ್ರಣಾಲಯ ಲೋನಾವಳೆಯ ಹತ್ತಿರದ ಮಳವಳಿಗೆ ಹೋಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನ ಕೈಸೇರಿತು. ಎಂ. ವಿ. ಧುರಂಧರ್ ಮೊದಲಾದ ಬೇರೆ ಕಲಾವಿದರ ಚಿತ್ರಗಳನ್ನೂ ಅಲ್ಲಿ ಅಚ್ಚುಹಾಕಲಾಯಿತು. 1972ರಲ್ಲಿ ಬೆಂಕಿಗೆ ಸಿಕ್ಕಿ ಕಟ್ಟಡವೂ ಸಾಮಗ್ರಿಯೂ ನಾಶವಾದವು.

ದೇವಸ್ಥಾನದ ಒಳಗಿದ್ದ ಮೂರ್ತಿಯ ರೂಪ ಹೀಗೆ ಮನೆಯ ಗೋಡೆಗೆ ಬಂದಾಗ, ಮೂರ್ತಿಗೆ ಸಲ್ಲುತ್ತಿದ್ದ ಅಲಂಕಾರವೂ ಪಟಕ್ಕೆ ಸಂದಿತು. ವರಮಹಾಲಕ್ಷ್ಮಿ ವ್ರತದಲ್ಲಿ ಕಲಶಕ್ಕೆ ಸೀರೆ ಉಡಿಸಿ ಒಡವೆ ಹಾಕುವುದು ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇರುವ ಪದ್ಧತಿ. ಮೈಸೂರು ಮತ್ತು ತಂಜಾವೂರು ಚಿತ್ರಗಳಲ್ಲಿ ಗೆಸ್ಸೊ ಎಂಬ ಲೇಪದ ಉಬ್ಬುಗೆಲಸ ಮತ್ತು ಚಿನ್ನದ ರೇಕಿನಿಂದ ಒಡವೆ, ಅಂಚುಗಳನ್ನು ಎತ್ತಿ ತೋರಿಸುವ ಕ್ರಮ ಮೊದಲಿನಿಂದ ಇತ್ತು. ಅಲಂಕೃತ ಓಲಿಯೋಗ್ರಾಫ್ ಇವೆರಡನ್ನೂ ಮುದ್ರಿತ ಕಾಗದಕ್ಕೆ ಅಳವಡಿಸಿಕೊಂಡಿತು.

ಚಿತ್ರವಸ್ತು ಮತ್ತು ಉಡುಗೆ

ಲಕ್ಷ್ಮಿ, ಸರಸ್ವತಿ, ಉಯ್ಯಾಲೆಯ ಮೋಹಿನಿ, ಹಂಸ ಮತ್ತು ದಮಯಂತಿ, ವಿಶ್ವಾಮಿತ್ರ ಮತ್ತು ಮೇನಕೆ ಹೆಚ್ಚು ಪ್ರಚಾರ ಪಡೆದ ಓಲಿಯೋಗ್ರಾಫ್‌ಗಳು. ಈ ಚಿತ್ರಗಳಲ್ಲಿ ದೇವಿಯರೂ ಪುರಾಣದ ನಾಯಿಕೆಯರೂ ಸೀರೆ ಉಟ್ಟಿದ್ದಾರೆ. ಸೆರಗು, ನಿರಿಗೆ, ಅಂಚುಗಳನ್ನು ನೆರಳು ಬೆಳಕಿನಿಂದ ಬಿಡಿಬಿಡಿಯಾಗಿ ತೋರಿಸಿರುವುದರಿಂದ, ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂಬುದಕ್ಕೆ ಮುದ್ರಣವೇ ನಕ್ಷೆಯಾಗುತ್ತದೆ. ಲಕ್ಷ್ಮಿ ಮತ್ತು ಸರಸ್ವತಿಯರ ಪಟಗಳು ಅಲಂಕಾರಕ್ಕೆ ಮತ್ತೆ ಮತ್ತೆ ಆಯ್ಕೆಯಾಗಲು ಇದೂ ಪೂಜಾಪದ್ಧತಿಯೂ ಕಾರಣ.

ಪ್ರಾದೇಶಿಕ ಉಡುಗೆಯನ್ನು ದಾಖಲಿಸುವ ಕೃತಿಗಳೂ ರವಿವರ್ಮನಲ್ಲಿವೆ. 1893ರಲ್ಲಿ ಚಿಕಾಗೋ ವಿಶ್ವಮೇಳಕ್ಕೆ ಕಳಿಸಿದ 10 ಚಿತ್ರಗಳಲ್ಲಿ ಭಾರತದ ಬೇರೆ ಬೇರೆ ಸಮುದಾಯಗಳ ಸ್ತ್ರೀಯರಿದ್ದಾರೆ. ಅದೇ ವರ್ಷದ, ಅಪ್ಪ ಬರುತ್ತಿರುವುದನ್ನು ಮಗುವಿಗೆ ತೋರಿಸುತ್ತಿರುವ ತಾಯಿಯ ಚಿತ್ರದಲ್ಲಿ ಕೇರಳದ ಬಿಳಿ ಮುಂಡಿನ ಉಡುಗೆ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ವಾದ್ಯಗಾರ್ತಿಯರ ಸಮೂಹವನ್ನು ಬರೆದ ಸುಮಾರು 1889ರ ಚಿತ್ರದಲ್ಲಿ ಬೇರೆ ಬೇರೆ ಪ್ರದೇಶಗಳ ಉಡುಪು ತೊಟ್ಟ 11 ಮಹಿಳೆಯರನ್ನು ಒಂದೇ ಚೌಕಟ್ಟಿನಲ್ಲಿ ಸೇರಿಸಲಾಗಿದೆ.

ರಚನೆ

ಒಂದು ಅಲಂಕೃತ ಓಲಿಯೋಗ್ರಾಫ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ: ಬೆನ್ನಿಗೆ ರಟ್ಟು ಅಥವಾ ಹಲಗೆ, ಅದರ ಮೇಲೆ ಮುದ್ರಿತ ಕಾಗದ, ಕಾಗದದ ಮೇಲೆ ಬಟ್ಟೆ ಮತ್ತು ಜರಿಗೆಲಸ, ಎಲ್ಲಕ್ಕೂ ಮುಂದೆ ಗಾಜು.

ಮುದ್ರಣ. ಸೊಲ್ನ್‌ಹೋಫನ್ ಸುಣ್ಣಕಲ್ಲಿನ ಮೇಲೆ ಚಿತ್ರವನ್ನು ಎಡಬಲ ತಿರುವಿ ಜಿಡ್ಡಿನ ಮಸಿಯಿಂದ ಬರೆಯಲಾಗುತ್ತದೆ. ಕಲ್ಲನ್ನು ಒದ್ದೆಮಾಡಿದರೆ ಜಿಡ್ಡಿಲ್ಲದ ಜಾಗ ನೀರು ಹಿಡಿಯುತ್ತದೆ, ಬರೆದ ಜಾಗ ಮಾತ್ರ ಮುದ್ರಣದ ಮಸಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಕಾಗದವನ್ನು ಪ್ರತಿ ಸಲವೂ ಅದೇ ಗುರುತಿಗೆ ಕೂರಿಸದಿದ್ದರೆ ಬಣ್ಣಗಳು ಒಂದರಿಂದೊಂದು ಸರಿದು ಕಾಣುತ್ತವೆ. ಕೊನೆಯಲ್ಲಿ ವಾರ್ನಿಷ್ ಬೀಳುತ್ತದೆ.

ಬಟ್ಟೆ. ಹಳೆಯ ರೇಷ್ಮೆ ಸೀರೆಯ ಅಂಚು, ಸೆರಗಿನ ತುಣುಕು, ಸ್ಯಾಟಿನ್, ವೆಲ್ವೆಟ್, ತೆಳು ಜಾಳಿ ಬಟ್ಟೆಗಳು ಬಳಕೆಯಲ್ಲಿದ್ದವು. ಚಿತ್ರದ ಸೀರೆಯ ಅಳತೆಗೆ ಕತ್ತರಿಸಿದ ಬಟ್ಟೆಯನ್ನು ನಿರಿಗೆಯ ಗೆರೆಗೆ ಸರಿಯಾಗಿ ಮಡಿಸಿ ಕೂರಿಸುತ್ತಾರೆ. ಮುಖ, ಕೈ, ಪಾದ ಮತ್ತು ಹಿನ್ನೆಲೆಯ ದೃಶ್ಯವನ್ನು ಮುಟ್ಟುವುದಿಲ್ಲ. ಉಬ್ಬು ಬೇಕಾದ ಕಡೆ ಬಟ್ಟೆಯ ಅಡಿಗೆ ಹತ್ತಿ ತುಂಬುತ್ತಾರೆ.

ಜರಿ ಮತ್ತು ಒಡವೆ. ಹಳೆಯ ಅಸಲಿ ಜರಿಯೆಂದರೆ ರೇಷ್ಮೆ ನೂಲಿಗೆ ಸುತ್ತಿ ಚಿನ್ನದ ನೀರು ಕೊಟ್ಟ ಬೆಳ್ಳಿಯ ಎಳೆ. ಅಂಚಿಗೆ ಜರಿ, ಮೈಗೆ ಚಮಕಿ, ಕಿರೀಟ ಮತ್ತು ಕಂಠಾಭರಣಕ್ಕೆ ಸುರುಳಿ ತಂತಿ, ಗಾಜಿನ ಮಣಿ, ಮುತ್ತಿನಂಥ ಮಣಿ, ಬಣ್ಣದ ಗಾಜಿನ ಹರಳು ಸೇರುತ್ತವೆ.

ಜೋಡಣೆ. ಅಂಟಿಸಲು ಹಿಟ್ಟಿನ ಗಂಜಿ ಅಥವಾ ಪ್ರಾಣಿಜನ್ಯ ಅಂಟು ಬಳಕೆಯಾಗುತ್ತಿತ್ತು. ಹೊಲಿಗೆಯಾದರೆ ಸೂಜಿ ಕಾಗದವನ್ನು ದಾಟಿ ಹೋಗುತ್ತದೆ. ಕಾಗದ ಹರಿಯದಂತೆ ತೂತುಗಳನ್ನು ಒಂದಕ್ಕೊಂದು ತಾಗದ ಹಾಗೆ ಬಿಡಿಸಿ ಹಾಕಬೇಕಾಗುತ್ತದೆ.

ಬಗೆಗಳು

ಕೆಲಸದ ಪ್ರಮಾಣ ಮತ್ತು ವಿಧಾನವನ್ನು ಅನುಸರಿಸಿ ಇವುಗಳನ್ನು ಐದಾಗಿ ವಿಂಗಡಿಸಬಹುದು.

1. ಚಮಕಿ ಪಟ: ಮುದ್ರಣವನ್ನು ಹಾಗೆಯೇ ಉಳಿಸಿ ಒಡವೆ, ಅಂಚು, ಕಿರೀಟಗಳಿಗೆ ಮಾತ್ರ ಚಮಕಿ ಮತ್ತು ಮಣಿ ಹಚ್ಚಿದ್ದು.

2. ಬಟ್ಟೆ ಹೊದಿಸಿದ ಪಟ: ಸೀರೆ, ರವಿಕೆಗಳ ಜಾಗ ಪೂರ್ತಿಯಾಗಿ ಬಟ್ಟೆಯಿಂದ ಮುಚ್ಚಿದ್ದು. ಅಲಂಕೃತ ಓಲಿಯೋಗ್ರಾಫ್ ಎಂಬ ಹೆಸರು ಮುಖ್ಯವಾಗಿ ಈ ಬಗೆಗೆ ಸಲ್ಲುತ್ತದೆ.

3. ಕಸೂತಿ ಪಟ: ಅಂಟಿಗಿಂತ ಹೊಲಿಗೆ ಮುಂದಾಗಿ, ಕಾಗದದ ಮೇಲೆಯೇ ಜರಿ ಮತ್ತು ರೇಷ್ಮೆ ನೂಲಿನ ಕೆಲಸ ಮಾಡಿದ್ದು.

4. ಕತ್ತರಿಸಿ ಕೂರಿಸಿದ ಪಟ: ದೇವತೆಯ ಆಕೃತಿಯನ್ನು ಮುದ್ರಣದಿಂದ ಕತ್ತರಿಸಿ ತೆಗೆದು ವೆಲ್ವೆಟ್ ಅಥವಾ ಬೇರೆ ಹಿನ್ನೆಲೆಯ ಮೇಲೆ ಅಂಟಿಸಿ ಅಲಂಕರಿಸಿದ್ದು.

5. ಉಬ್ಬುಗೆಲಸದ ಪಟ: ಮುಖ ಮುದ್ರಣದ್ದಾಗಿದ್ದು, ಉಳಿದ ಭಾಗಕ್ಕೆ ತಂಜಾವೂರು ರೀತಿಯ ಉಬ್ಬು ಮತ್ತು ಹರಳುಗಳನ್ನು ಸೇರಿಸಿದ್ದು.

ಫ್ರೆಂಚ್ ಮಾದರಿಗೂ ಇವುಗಳಿಗೂ ಇರುವ ಮುಖ್ಯ ವ್ಯತ್ಯಾಸ ಬಟ್ಟೆಯ ಸ್ಥಾನದ್ದು. ಅಲ್ಲಿ ಕಾಗದವನ್ನು ಕೊರೆದು ಬಟ್ಟೆಯನ್ನು ಹಿಂದೆ ಇಡುವುದರಿಂದ ಹಾಳೆ ಚಪ್ಪಟೆಯಾಗಿಯೇ ಉಳಿದು ಸಂಪುಟದೊಳಗೆ ಸೇರುತ್ತದೆ. ಇಲ್ಲಿ ಬಟ್ಟೆ ಮುಂದೆ ಬರುವುದರಿಂದ ಪಟ ಉಬ್ಬುತ್ತದೆ, ಅದಕ್ಕೆ ಆಳವಾದ ಕಟ್ಟು ಬೇಕಾಗುತ್ತದೆ. ಉದ್ದೇಶವೂ ಬೇರೆ: ಫ್ರಾನ್ಸಿನಲ್ಲಿ ಹೊಸ ಉಡುಗೆಯ ಪ್ರದರ್ಶನ, ಭಾರತದಲ್ಲಿ ಬಹುಮಟ್ಟಿಗೆ ದೇವರ ಅಲಂಕಾರ.

ಉಪಯೋಗಗಳು

ಪೂಜೆ ಮತ್ತು ಗೃಹಾಲಂಕಾರ. ಕಟ್ಟು ಹಾಕಿಸಿದ ಪಟಗಳು ದೇವರ ಮನೆ, ನಡುಮನೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗಳಲ್ಲಿ ಇರುತ್ತಿದ್ದವು. ಅಲಂಕಾರದ ಕೆಲಸವನ್ನು ಬಹುಪಾಲು ಮನೆಯ ಹೆಂಗಸರು ಮಾಡುತ್ತಿದ್ದರು. ತಮಿಳುನಾಡಿನ ಚೆಟ್ಟಿನಾಡಿನ ದೊಡ್ಡ ಮನೆಗಳಲ್ಲೂ ಇಂಥ ಪಟಗಳು ದೊರೆತಿವೆ.

ವಾಣಿಜ್ಯ. ಇದೇ ಚಿತ್ರಗಳು ಅಲಂಕಾರವಿಲ್ಲದೆ ಕ್ಯಾಲೆಂಡರು, ಬೆಂಕಿಪೊಟ್ಟಣದ ಚೀಟಿ, ಬಟ್ಟೆಯ ಥಾನಿಗೆ ಅಂಟಿಸುವ ಗಿರಣಿಯ ಚೀಟಿಗಳಲ್ಲೂ ಬಳಕೆಯಾದವು. ಈ ಚೀಟಿಗಳು ಇಂದು ಪ್ರತ್ಯೇಕ ಸಂಗ್ರಹವಸ್ತುಗಳು.

ಕಾಗದದ ಕರಕುಶಲ ಮತ್ತು ಜರ್ನಲಿಂಗ್. ಸ್ಕ್ರ್ಯಾಪ್‌ಬುಕ್, ಜಂಕ್ ಜರ್ನಲ್, ಶುಭಾಶಯ ಪತ್ರ, ಡೆಕೂಪಾಜ್ ಪೆಟ್ಟಿಗೆಗಳಲ್ಲಿ ಹಳೆಯ ಫ್ರೆಂಚ್ ಉಡುಗೆಚಿತ್ರಗಳನ್ನೂ ರವಿವರ್ಮನ ಚಿತ್ರಗಳನ್ನೂ ಒಂದೇ ಕ್ರಮದಲ್ಲಿ ಬಳಸಬಹುದು. ಮೂಲ ಹಾಳೆಯನ್ನು ಕತ್ತರಿಸದೆ, ಅದರ ಪ್ರತಿಯ ಮೇಲೆ ಕೆಲಸ ಮಾಡಲಾಗುತ್ತದೆ. ಫ್ರಾನ್ಸ್ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಉಡುಗೆಚಿತ್ರಗಳ ಡಿಜಿಟಲ್ ಪ್ರತಿಗಳನ್ನು ಒದಗಿಸುತ್ತವೆ. ಚಿತ್ರವನ್ನು ಇಂಚಿಗೆ 300 ಚುಕ್ಕೆಗಳ ಸಾಂದ್ರತೆಯಲ್ಲಿ ಹೊಳಪಿಲ್ಲದ ದಪ್ಪ ಕಾಗದಕ್ಕೆ ಮುದ್ರಿಸಿದರೆ ಮುಖದ ಗೆರೆಗಳು ಸ್ಪಷ್ಟವಾಗಿ ಉಳಿಯುತ್ತವೆ. ಲೇಸರ್ ಮುದ್ರಣ ಒದ್ದೆ ಅಂಟಿಗೆ ಕದಡುವುದಿಲ್ಲ, ಸಾಮಾನ್ಯ ಇಂಕ್‌ಜೆಟ್ ಮುದ್ರಣ ಕದಡುತ್ತದೆ. ಪುಟದ ಮೇಲೆ ಬಳಸುವಾಗ ಫ್ರೆಂಚ್ ವಿಧಾನದಲ್ಲಿ ಬಟ್ಟೆಯನ್ನು ಹಿಂದಿಟ್ಟರೆ ಪುಸ್ತಕ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಗೋಡೆಯ ಪಟಕ್ಕೆ ಭಾರತೀಯ ವಿಧಾನ ಹೊಂದುತ್ತದೆ. ಕಸವು ಎಂಬ ಜರಿ ಅಂಚಿನ ಕೇರಳದ ಹತ್ತಿಬಟ್ಟೆ, ಮೈಸೂರು ರೇಷ್ಮೆಯ ಚೂರುಗಳು ಇದಕ್ಕೆ ಸ್ಥಳೀಯವಾಗಿ ಒದಗುವ ಸಾಮಗ್ರಿ.

ಗುರುತಿಸುವಿಕೆ

ಮುದ್ರಣದ ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರು ಮತ್ತು ಊರು ಇರುತ್ತದೆ. ಗಿರಗಾಂವಿನ ಕಾಲದ ಪ್ರತಿಗಳಲ್ಲಿ ಮುಂಬಯಿಯ ಹೆಸರೂ, ನಂತರದವುಗಳಲ್ಲಿ ಕಾರ್ಲಾ, ಮಳವಳಿ ಅಥವಾ ಲೋನಾವಳೆಯ ಹೆಸರೂ ಕಾಣುವುದರಿಂದ ಕಾಲವನ್ನು ಸ್ಥೂಲವಾಗಿ ನಿರ್ಧರಿಸಬಹುದು. ಕಟ್ಟು ಹಾಕುವಾಗ ಅಂಚು ಕತ್ತರಿಸಿದ್ದರೆ ಈ ಆಧಾರ ತಪ್ಪಿಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಕಲ್ಲಚ್ಚಿನಲ್ಲಿ ಕೈಯಿಂದ ಇಟ್ಟ ಅನಿಯತ ಚುಕ್ಕೆಗಳು ಮತ್ತು ಹರಳುಹರಳಾದ ಮೈ ಕಾಣುತ್ತದೆ. ಆಫ್‌ಸೆಟ್ ಮರುಮುದ್ರಣದಲ್ಲಿ ಚುಕ್ಕೆಗಳು ಸಾಲಾಗಿ, ಕ್ರಮವಾಗಿ ಇರುತ್ತವೆ. ಮುದ್ರಣ ಹಳೆಯದಾಗಿದ್ದು ಅಲಂಕಾರ ಇತ್ತೀಚಿನದಾಗಿರುವುದೂ ಉಂಟು. ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಚಮಕಿ, ಕಪ್ಪಾಗದ ಹೊಳೆವ ಜರಿ ಇದರ ಸೂಚನೆಗಳು.

ಹಾನಿ ಮತ್ತು ಸಂರಕ್ಷಣೆ

ಕೇರಳದ ಕರಾವಳಿಯ ಹವೆ ಕಾಗದ, ಬಟ್ಟೆ, ಲೋಹ ಮೂರಕ್ಕೂ ಪ್ರತಿಕೂಲ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ತಿರುವನಂತಪುರದಲ್ಲಿ ಸುಮಾರು 1,800 ಮಿಲಿಮೀಟರ್ ಮಳೆ ಬೀಳುತ್ತದೆ. ತೇವದಲ್ಲಿ ಕಾಗದ ಮತ್ತು ಬಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಅಂಟು ಬಿಡುತ್ತದೆ, ಹೊಲಿಗೆಯ ತೂತುಗಳು ಹರಿಯುತ್ತವೆ. ಗಂಜಿಯ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಸಿಲ್ವರ್‌ಫಿಶ್ ಮತ್ತು ಜಿರಲೆ ಅದನ್ನು ತಿನ್ನುತ್ತವೆ. ಬೆನ್ನಹಲಗೆಗೆ ಗೆದ್ದಲು ಹತ್ತುತ್ತದೆ. ಬೆಳ್ಳಿಯ ಜರಿ ಗಾಳಿಯ ಗಂಧಕದಿಂದ ಕಪ್ಪಾಗುತ್ತದೆ, ತಾಮ್ರದ ಜರಿಯಿಂದ ಹಸಿರು ಕಲೆ ಇಳಿಯುತ್ತದೆ. ವಾರ್ನಿಷ್ ಹಳದಿಯಾಗುತ್ತದೆ. ಕಟ್ಟಿನಲ್ಲಿ ಅಂತರವಿಲ್ಲದಿದ್ದರೆ ಮುದ್ರಣ ಗಾಜಿಗೇ ಅಂಟಿಕೊಳ್ಳುತ್ತದೆ.

ಸಾಪೇಕ್ಷ ಆರ್ದ್ರತೆಯನ್ನು ಶೇ. 50ರ ಆಸುಪಾಸಿನಲ್ಲಿ, ಬೆಳಕನ್ನು 50 ಲಕ್ಸ್‌ಗೆ ಮೀರದಂತೆ ಇಡುವುದು ಸಂಗ್ರಹಾಲಯಗಳ ಸಾಮಾನ್ಯ ಕ್ರಮ. ಮನೆಗಳಲ್ಲಿ ಮಳೆನೀರು ಬಡಿಯುವ ಹೊರಗೋಡೆಯನ್ನು ತಪ್ಪಿಸುವುದು, ಪಟಕ್ಕೂ ಗೋಡೆಗೂ ನಡುವೆ ಗಾಳಿಯಾಡಲು ಜಾಗ ಬಿಡುವುದು, ಆಮ್ಲರಹಿತ ರಟ್ಟು ಬಳಸುವುದು, ಗಾಜಿನ ಒಳಗೆ ಅಂತರದ ಪಟ್ಟಿ ಕೊಡುವುದು ಮುಖ್ಯ. ಕಪ್ಪಾದ ಜರಿಗೆ ಹುಣಸೆಹಣ್ಣು ಅಥವಾ ಲೋಹ ಉಜ್ಜುವ ದ್ರಾವಣ ಹಚ್ಚಬಾರದು. ಅದು ಬಟ್ಟೆಗೂ ಕಾಗದಕ್ಕೂ ಇಳಿಯುತ್ತದೆ. ಮುದ್ರಣವನ್ನು ಶುಚಿಗೊಳಿಸಲು ಅಲಂಕಾರವನ್ನು ಕಿತ್ತರೆ ವಸ್ತುವಿನ ಅರ್ಧ ಇತಿಹಾಸ ಅಳಿಯುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕೃತಿಯೆಂದು ಭಾವಿಸಿ ಸಂರಕ್ಷಿಸಲಾಗುತ್ತದೆ.

ಕಾನೂನಿನ ಸ್ಥಿತಿ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಕಲಾಕೃತಿಯ ಹಕ್ಕು ಕಲಾವಿದನ ಮರಣಾನಂತರ 60 ವರ್ಷ ಇರುತ್ತದೆ. ರವಿವರ್ಮನ ಚಿತ್ರಗಳು ಈ ಮಿತಿಯನ್ನು ದಾಟಿವೆ. ಫ್ರೆಂಚ್ ಕಲಾವಿದರಲ್ಲಿ 1932ರಲ್ಲಿ ತೀರಿಕೊಂಡ ಬಾರ್ಬಿಯೆಯ ಚಿತ್ರಗಳೂ ಮುಕ್ತ. 1971ರಲ್ಲಿ ತೀರಿಕೊಂಡ ಲಪಾಪ್‌ನ ಚಿತ್ರಗಳಿಗೆ ಭಾರತದಲ್ಲಿ 2031ರ ಕೊನೆಯವರೆಗೆ ಹಕ್ಕು ಇದೆ. ಹಾಗಾಗಿ ಚಿತ್ರ ಎಷ್ಟು ಹಳೆಯದು ಎಂಬುದಕ್ಕಿಂತ ಕಲಾವಿದ ತೀರಿಕೊಂಡ ವರ್ಷವೇ ನಿರ್ಣಾಯಕ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ರವಿವರ್ಮನ ಕೃತಿಗಳನ್ನು 1979ರಲ್ಲಿ ಕಲಾನಿಧಿಗಳೆಂದು ಘೋಷಿಸಲಾಯಿತು. 100 ವರ್ಷಕ್ಕೂ ಹಳೆಯದಾದ ಕಲಾಕೃತಿಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದಕ್ಕೂ ಇದೇ ಕಾಯ್ದೆಯ ನಿಷೇಧವಿದೆ.

ಇಂದಿನ ಸ್ಥಿತಿ

ರವಿವರ್ಮನ ಮೂಲ ಚಿತ್ರಗಳ ಪ್ರಮುಖ ಸಂಗ್ರಹ ತಿರುವನಂತಪುರದ ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ಅಲ್ಲಿ 1935ರಲ್ಲಿ ಶ್ರೀಚಿತ್ರಾ ಆರ್ಟ್ ಗ್ಯಾಲರಿ ಆರಂಭವಾಯಿತು. 2023ರಲ್ಲಿ ರವಿವರ್ಮನಿಗೇ ಮೀಸಲಾದ ಗ್ಯಾಲರಿ ತೆರೆಯಿತು. ಕೊಚ್ಚಿ ರಾಜಮನೆತನದ ನೆಲೆಯಾಗಿದ್ದ ತ್ರಿಪುಣಿತ್ತುರದ ಹಿಲ್ ಪ್ಯಾಲೇಸ್ ಈಗ ವಸ್ತುಸಂಗ್ರಹಾಲಯ. ಅದೇ ಆವರಣದ ಪರಂಪರೆ ಅಧ್ಯಯನ ಕೇಂದ್ರದಲ್ಲಿ ಸಂರಕ್ಷಣೆಯ ಶಿಕ್ಷಣ ದೊರೆಯುತ್ತದೆ. ಕೊಚ್ಚಿಯ ಮಟ್ಟಾಂಚೇರಿಯ ಜ್ಯೂ ಟೌನ್ ಹಳೆಯ ವಸ್ತುಗಳ ವ್ಯಾಪಾರಕ್ಕೆ ಹೆಸರಾದ ಪೇಟೆ.

ಕರ್ನಾಟಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಮೂಲ ತೈಲಚಿತ್ರಗಳಿಗೂ, ಬೆಂಗಳೂರು ಮುದ್ರಿತ ಪ್ರತಿಗಳ ಅಧ್ಯಯನಕ್ಕೂ ಕೇಂದ್ರಗಳಾಗಿವೆ. ಬೆಂಗಳೂರಿನ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಷನ್ ಓಲಿಯೋಗ್ರಾಫ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಗಣೇಶ್ ಶಿವಸ್ವಾಮಿ ಫೌಂಡೇಷನ್ನಿನ ಸಂಗ್ರಹದಲ್ಲಿ ಅಲಂಕೃತ ಪ್ರತಿಗಳಿಗೂ ಸ್ಥಾನವಿದೆ. ಕಸ್ತೂರ್‌ಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದಲ್ಲಿ ಜನಪ್ರಿಯ ಮುದ್ರಣಗಳೂ ಜವಳಿ ಚೀಟಿಗಳೂ ಇವೆ.

ಆಫ್‌ಸೆಟ್ ಮುದ್ರಣ ಮತ್ತು ಸಿದ್ಧ ಫೋಟೋ ಫ್ರೇಮುಗಳು ಬಂದ ಮೇಲೆ ಮನೆಯಲ್ಲೇ ಪಟಕ್ಕೆ ಬಟ್ಟೆ ಹಚ್ಚುವ ರೂಢಿ ಕಡಿಮೆಯಾಯಿತು. ಈಗ ಅದು ಮುಂದುವರಿದಿರುವುದು ಎರಡು ಕವಲುಗಳಲ್ಲಿ: ಹಳೆಯ ಪಟಗಳ ಸಂಗ್ರಹ ಮತ್ತು ಸಂರಕ್ಷಣೆ ಒಂದು, ಡಿಜಿಟಲ್ ಪ್ರತಿಗಳ ಮೇಲೆ ನಡೆಯುವ ಕರಕುಶಲ ಕೆಲಸ ಮತ್ತೊಂದು. ಹಳೆಯ ಪಟಗಳಲ್ಲಿ ಮುದ್ರಣಾಲಯದ ಹೆಸರು ಅಚ್ಚಾಗಿದ್ದರೂ ಅಲಂಕಾರ ಮಾಡಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಪಟ ಯಾವ ಮನೆಯಿಂದ ಬಂತು, ಬಟ್ಟೆ ಎಲ್ಲಿಯದು, ಕೆಲಸ ಮಾಡಿದವರು ಯಾರು ಎಂಬ ಕುಟುಂಬದ ಮಾಹಿತಿಯನ್ನು ಕೊಳ್ಳುವಾಗಲೋ ದಾನ ಪಡೆಯುವಾಗಲೋ ಬರೆದಿಟ್ಟುಕೊಳ್ಳುವುದು ಈ ವಸ್ತುಗಳ ದಾಖಲಾತಿಯ ಅಗತ್ಯ ಭಾಗ.